ಸಾರವಾಡದ ಮನೆಗೆ ಬೋಟ್ಸ್ವಾನಾದ ಅಳತೆ

ಮುದುಕವ್ವ: ಅಳತಿ ಮಾಡೂದಾದ್ರ ನಮ್ಮತ್ತಿ ಕಾಲದಿಂದ ಮಾಡು. ಇಲ್ಲಂದ್ರ ಆ ಲ್ಯಾಪ್‌ಟಾಪ್ ಮುಚ್ಚಿ ಎಮ್ಮಿಗಿ ಮೇವು ಹಾಕು ಹೋಗು!

ನಿರ್ಮಲಾ: ಅದ್ಯಾಕ್ರಿ ಅತ್ಯಾರ? ನಾ ಸೊಸಿಯಾಗಿ ಬಂದ ವರ್ಷದಿಂದ ಸುರು ಮಾಡ್ಲಿ. ಅದರ ಹಿಂದಿಂದು ಯಾರು ಕಂಡಾರ?

ವಿಶಾಖಾ: ಯವ್ವಾ, ಆಯಿ, ಇಬ್ಬರೂ ಸುಮ್ಕಿರ್ರಿ! ಇದನ್ನ ಇವತ್ತ ಮಾಸ್ತರಿಗಿ ಕಳಸಬೇಕೈತಿ.

ಸಾರವಾಡದ ಆ ಪಡಸಾಲೆಯಲ್ಲಿ ಜಗಳ ಹತ್ತಿದ್ದು ಬೋಟ್ಸ್ವಾನಾ ದೇಶದ ದೆಸೆಯಿಂದ. ಅದಿರುವುದು ಆಫ್ರಿಕಾದಲ್ಲಿ. ಮುದುಕವ್ವ ಕಂಡ ದೂರದ ಊರೆಂದರೆ ಪಂಢರಪುರ, ಅಲ್ಲಿಯೂ ಹೊಸ ಚಪ್ಪಲಿ ಕಳೆದುಕೊಂಡು ಬಂದವಳು. ಇರಲಿ, ಚಪ್ಪಲಿಯ ಮಾತು ಈಗ ಬೇಡ. ಮೊಮ್ಮಗಳು ವಿಶಾಖಾ ದಿನಾ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ ಎಂ.ಎ. ಓದುವ ಹುಡುಗಿ. ಬೋಟ್ಸ್ವಾನಾದ ಆಡಳಿತ ವರ್ಷದಿಂದ ವರ್ಷಕ್ಕೆ ಸುಧಾರಿಸಿದೆಯೋ ಕೆಟ್ಟಿದೆಯೋ ಎಂದು ಅಳೆಯುವುದು ಅವಳ ಪಾಠ. "ಮೊದಲು ನಿಮ್ಮ ಮನೆಯನ್ನೇ ಅಳೆದು ಕಲಿಯಿರಿ" ಎಂದರಂತೆ ಮಾಸ್ತರು. ಪಾಪ, ಅವರಿಗಿನ್ನೂ ಮದುವೆಯಾಗಿರಲಿಕ್ಕಿಲ್ಲ.

ಮುದುಕವ್ವ ಮೊದಲಿಗೆ ಹಿಗ್ಗಿಹೋಗಿದ್ದಳು. ಸೊಂಟದಲ್ಲಿದ್ದ ಉಗ್ರಾಣದ ಕೀಲಿಕೈ ಕುಣಿಸುತ್ತ, "ನನ್ನ ಆಳಿಕಿ ಇಳದೈತಿ ಅಂತ ಬಂದ್ರ ಇದನ್ನ ನಿಮ್ಮವ್ವಗ ಕೊಟ್ಟ ಬಿಡ್ತೀನಿ!" ಎಂದು ಓಣಿಗೆಲ್ಲ ಕೇಳುವ ಹಾಗೆ ಸಾರಿದ್ದಳು. ಸೊಸೆ ನಿರ್ಮಲಾ ಅಂದಿನಿಂದ ಒಲೆ ಬಿಟ್ಟು ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದಳು.

ಮುದುಕವ್ವ: ಅಲ್ಲಬೇ, ಆ ದೇಶ ಅಳಿಯಾವ್ರು ಹೆಂಗ ಅಳೀತಾರ? ಹೋಗಿ ನೋಡ್ತಾರೇನು?

ವಿಶಾಖಾ: ಲೆಕ್ಕಪತ್ರ ನೋಡ್ತಾರ, ಮಂದೀನ ಕೇಳ್ತಾರ. ಜೀವಕ್ಕ ಭದ್ರ ಐತೇನು, ದವಾಖಾನಿ ಸಾಲಿ ಚಲೋ ಅದಾವೇನು, ನಿಮ್ಮ ಮಾತು ಆಳಾವ್ರು ಕೇಳ್ತಾರೇನು, ಹಿಂಗ.

ಮುದುಕವ್ವ: ಅಯ್ಯ, ಇದು ಕನ್ಯಾ ನೋಡಾಕ ಹೋದಾಗ ಮಗ್ಗಲ ಮನಿಯವ್ರನ್ನ ಕೇಳಿದಂಗ ಆತು. ನಿಮ್ಮವ್ವನ್ನ ನೋಡಾಕ ನಿಡೋಣಿಗಿ ಹೋದಾಗ ನಾನೂ ಕೇಳಿದ್ನಿ. ಮಗ್ಗಲ ಮನಿ ರಾಜಬಿ 'ಹುಡುಗಿಗಿ ಬಾಯೇ ಇಲ್ಲ' ಅಂದಿದ್ಳು.

ನಿರ್ಮಲಾ: ಖರೇನ ಹೇಳ್ಯಾಳ್ರಿ. ಬಾಯಿ ಇಲ್ಲಿಗಿ ಬಂದ ಮ್ಯಾಲೆ ಬಂದೈತಿ.

ಮುದುಕವ್ವ: ಕೇಳಿದೇನು ತಂಗಿ! ನನ್ನ ಆಳಿಕ್ಯಾಗ ಮಂದಿಗಿ ಬಾಯಿ ಬಂದೈತಿ. ಬರಕೋ!

ವಿಶಾಖಾ: ಮಾತಾಡೂ ಹಕ್ಕು. ಅದಕ್ಕ ಅಂಕ ಐತಿ ಆಯಿ, ಪೂರಾ ಕೊಟ್ಟೇನಿ.

ನಿರ್ಮಲಾ: ಮತ್ತ ಉಗ್ರಾಣದ್ದು? ಶೇಂಗಾ ಹಿಂಡಿ ಡಬ್ಬಿ ಎಲ್ಲೈತಿ ಅಂತ ಇವತ್ತಿನ ತನಕ ನನಗ ಗೊತ್ತಿಲ್ಲ!

ಮುದುಕವ್ವ: ಅದು ಭದ್ರತಾ! ಅದಕ್ಕೂ ಅಂಕ ಹಾಕು.

ತನ್ನ ಅತ್ತೆ ಅಕ್ಕನಾಗಮ್ಮನ ಕಾಲವನ್ನು ಮುದುಕವ್ವ ಸುಮ್ಮನೆ ಹಿಡಿದು ಕೂತಿರಲಿಲ್ಲ. ಆ ಮಹಾತಾಯಿ ಒಲೆಯ ಬೂದಿಗೂ ಬೀಗ ಹಾಕಿದವಳು. ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಅಂಕಗಳ ಗೆರೆ ಎಳೆದರೆ ಅದು ಮೇಲೇರದೆ ಇನ್ನೆಲ್ಲಿಗೆ ಹೋದೀತು?

ವಿಶಾಖಾ: ಆತು ಆಯಿ, ನಿಮ್ಮತ್ತಿ ಕಾಲದಿಂದನ ಮಾಡ್ತೀನಿ. ಆದ್ರ ಆ ಕಾಲದ್ದು ಹೇಳಾವ್ರು ಯಾರು? ನೀ ಆಳಾಕಿ, ನಿನ್ನ ಮಾತು ನಡ್ಯಂಗಿಲ್ಲ.

ಮುದುಕವ್ವ: ನಿಮ್ಮ ಮುತ್ಯಾ ಅದಾರಲ್ಲ!

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಗಂಡ ಅಮಸಿದ್ದ ಅಕ್ಕನಾಗಮ್ಮನ ಹೊಟ್ಟೆಯಲ್ಲೇ ಹುಟ್ಟಿದವನು ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು. ಅಷ್ಟರಲ್ಲಿ ನಿರ್ಮಲಾ ಕಟ್ಟೆಯ ಮೇಲಿದ್ದ ಮಾವನನ್ನು ಕೂಗಿ ಕರೆದಾಗಿತ್ತು. ಅಮಸಿದ್ದ ಬಂದ, ವಿಷಯ ಕೇಳಿದ, ಗೋಡೆಯ ಮೇಲಿದ್ದ ತಾಯಿಯ ಫೋಟೋಕ್ಕೆ ಕೈಮುಗಿದ.

ಅಮಸಿದ್ದ: ನಮ್ಮವ್ವನ ಕಾಲ ಅಂದ್ರ ಕಾಲ ಬಿಡವ್ವಾ! ರೊಟ್ಟಿ ಹೆಂಗಿರ್ತಿದ್ದು ಅಂತಿ, ಅರಿವಿಯಂಗ ತೆಳ್ಳಗ!

ಮುದುಕವ್ವ: ಆ ರೊಟ್ಟಿ ಬಡದಾಕಿ ನಾನ್ರಿ!

ಅಮಸಿದ್ದ: ಕೈ ನಿಂದು, ಆಡಳಿತ ಆಕೀದು.

ಮುದುಕವ್ವ: ಕುರಿ ಕಳಕೊಂಡು ಬಂದ್ರಿ ಅಂತ ಒಮ್ಮಿ ಊಟ ಕೊಡದ ಹೊರಗ ಮಲಗಿಸಿದ್ಳಲ್ರಿ?

ಅಮಸಿದ್ದ: ಕಾಯ್ದೆ ಅಂದ್ರ ಹಂಗಿರಬೇಕು! ಹೆತ್ತ ಮಗಾ ಅಂತೂ ಬಿಡಲಿಲ್ಲ. ಅದಕ್ಕ ಇನ್ನೊಂದೀಟು ಅಂಕ ಹಾಕು.

ಗೆರೆ ಅಕ್ಕನಾಗಮ್ಮನ ಎತ್ತರದಿಂದ ಮುದುಕವ್ವನ ಕಾಲಕ್ಕೆ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯಿತು. ಮುದುಕವ್ವ ಸೊಂಟದ ಕೀಲಿಕೈ ಬಿಚ್ಚಿದಳು.

ವಿಶಾಖಾ: ಆಯಿ, ತಡಿ! ಬೋಟ್ಸ್ವಾನಾದಾಗ ಗೆರಿ ಇಳದ್ರ ಯಾಕ ಇಳೀತು ಅಂತ ವಿಚಾರ ಮಾಡ್ತಾರ.

ಮುದುಕವ್ವ: ಅವ್ರು ಬರೇ ದೇಶ ಆಳಾವ್ರು ತಂಗಿ, ನಡೀತೈತಿ. ಮನಿಯಾಗ ಮಾತು ಅಂದ್ರ ಮಾತು. ಹಿಡಿಬೇ ನಿರ್ಮಲಾ!

ನಿರ್ಮಲಾ ಸೆರಗೊಡ್ಡಿ ಹಿಡಿದಳು. ಒಳಗೆ ಉಗ್ರಾಣದ ಬಾಗಿಲು ತೆರೆಯಿತು, ಡಬ್ಬಿಗಳು ಸದ್ದು ಮಾಡಿದವು. ಸ್ವಲ್ಪ ಹೊತ್ತಿಗೆ ಹೊಸ ಸರಕಾರದ ಮೊದಲ ಚಹಾ ಬಂತು. ಅಮಸಿದ್ದ ಒಂದು ಗುಟುಕು ಕುಡಿದು ಬೇವು ಜಗಿದವನಂತಾದ.

ಅಮಸಿದ್ದ: ಇದರಾಗ ಸಕ್ರಿ ಎಲ್ಲೈತಿ?

ನಿರ್ಮಲಾ: ಡಾಕ್ಟರು ಬ್ಯಾಡ ಅಂದಾರಲ್ರಿ ಮಾಮಾರ. ಅತ್ಯಾರು ಸೆರಗಿನ್ಯಾಗ ಬೆಲ್ಲ ಮುಚಕೊಂಡು ತಂದು ಹಾಕತಿದ್ರು, ನನಗೇನು ಗೊತ್ತಿಲ್ಲೇನು? ಇವತ್ತಿಂದ ಬಂದ್.

ಅಮಸಿದ್ದ: ಯವ್ವಾ ವಿಶಾಖಾ, ಬರಕೋ ಬರಕೋ! ನಮ್ಮವ್ವ ಭಾಳ ಕೆಟ್ಟಾಕಿ ಇದ್ಳು!

ವಿಶಾಖಾ: ಮಾಸ್ತರಿಗಿ ಕಳಿಸೇ ಬಿಟ್ಟೇನಿ ಮುತ್ಯಾ.

ಅಮಸಿದ್ದ: ಏ ಇಕಿನ, ಎದ್ದು ಹೋಗಿ ಕೀಲಿಕೈ ಇಸಕೊಂಡು ಬಾ!

ಮುದುಕವ್ವ ಏಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬಸಿಗೆ ಸುರಿದುಕೊಂಡ ಚಹಾ ಊದುತ್ತ ಕೂತಿದ್ದಳು. ಹಗಲು ಹೊತ್ತಿನಲ್ಲಿ ಅವಳು ಕಾಲು ಚಾಚಿದ್ದನ್ನು ಆ ಮನೆಯ ಬೆಕ್ಕೂ ಕಂಡಿರಲಿಲ್ಲ.

ಮುದುಕವ್ವ: ತಂಗಿ, ಈಗ ನಾನೂ ಅಂಕ ಕೊಡಬೌದಲ್ಲ?

ವಿಶಾಖಾ: ಈಗ ನೀನೂ ಪ್ರಜಾನ ಆಯಿ. ಕೊಡು.

ಮುದುಕವ್ವ: ಹಂಗಾದ್ರ ಬರಕೋ. ಚಾ ನೀರಾಗೈತಿ, ಸೊನ್ನಿ. ಉಗ್ರಾಣದ ಕದ ತಗದ ಬಿಟ್ಟಾಳ, ಇಲಿ ಹೊಕ್ಕಾವು, ಅದಕ್ಕೂ ಸೊನ್ನಿ. ಮುದುಕನ್ನ ಅಳಸ್ಯಾಳ, ಅದಕ್ಕಷ್ಟು ಪೂರಾ ಕೊಡು.

ನಿರ್ಮಲಾ: ಅತ್ಯಾರ, ಬ್ಯಾಡ್ರಿ! ನಿಮ್ಮ ಕೀಲಿಕೈ ನೀವ ಹೊಳ್ಳಿ ತಗೋರಿ!

ಮುದುಕವ್ವ: ಒಲ್ಲೆಬೇ, ಒಲ್ಲೆ. ಕುಂತು ಅಂಕ ಕೊಡೂದರಾಗ ಇಷ್ಟು ಸುಖ ಐತಿ ಅಂತ ಗೊತ್ತಿದ್ರ, ನಮ್ಮತ್ತಿ ಕಣ್ಣು ಮುಚ್ಚಿದ ದಿನಾನ ಆ ಕೀಲಿಕೈ ಮಗ್ಗಲ ಮನಿಯವ್ರಿಗಿ ಕೊಟ್ಟು ಬಿಡ್ತಿದ್ನಿ!