ಮೂರನೇ ನಿಯಮದ ಬೀಗರು

ಅಂಕಿ ಹಾಕುವ ಕೆಲಸವನ್ನು ಇನ್ನು ಮುಂದೆ ಮನುಷ್ಯರು ಮಾಡಬೇಕಾಗಿಲ್ಲ ಎಂದು ಬೈಲಹೊಂಗಲದ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಘೋಷಿಸಿದೆ! ನಮ್ಮ ಓಣಿಯವರು ಹೊಸದಾಗಿ ಕಟ್ಟಿಸಿದ ಸಮುದಾಯ ಭವನಕ್ಕೆ ನಾನೇ ಕಾರ್ಯದರ್ಶಿ. ಅಲ್ಲಿ ಮೊದಲ ಕಾರ್ಯಕ್ರಮವೇ ನನ್ನ ಹೆಂಡತಿ ಮಾಲಾಳ ತಂಗಿ ಪೂನಮ್‌ಳ ನಿಶ್ಚಿತಾರ್ಥ. ಅಷ್ಟರೊಳಗೆ ಭವನದ ನಿಯಮಾವಳಿ ಬಾಗಿಲಲ್ಲಿ ರಾರಾಜಿಸಬೇಕಿತ್ತು.

"ನಾಕ ನಿಯಮಕ್ಕ ಕಂಪ್ಯೂಟರ್ ಯಾಕ ಬೇಕ್ರಿ? ಕೈಲೆ ಬರೀರಿ," ಎಂದಳು ಮಾಲಾ.

"ಇದು ಆಟೋಮ್ಯಾಟಿಕ್ ನಂಬರಿಂಗ್! ನಾ ಬರಕೋಂತ ಹೋದ್ರ ಸಾಕು, ಅಂಕಿ ತಾವ ಬಂದು ಕುಂದರತಾವ."

"ಆಟೋ ಇರ್ಲಿ, ಟೆಂಪೋ ಇರ್ಲಿ, ಹೊಡ್ಯಾವ್ರು ನೀವ ಅದೀರಿ. ಅದ ನನಗ ಹೆದರಿಕಿ!"

ಒಂದನೇ ನಿಯಮ ಬರೆದು ಎಂಟರ್ ಒತ್ತಿದೆ. ಎರಡು ತಾನಾಗಿ ಪ್ರತ್ಯಕ್ಷವಾಯಿತು. ಆಹಾ! ನಡುವೆ ಒಂದು ಖಾಲಿ ಸಾಲು ಬಿಡೋಣವೆಂದರೆ ಆ ಖಾಲಿ ಸಾಲಿಗೂ ಅಂಕಿ ಬಂತು. ಅಳಿಸಿದೆ. ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಸರಿಪಡಿಸಿದರೆ ಎಲ್ಲವೂ ಒಂದೇ! ಸಿಟ್ಟು ನೆತ್ತಿಗೇರಿ ಕೀಬೋರ್ಡನ್ನು ಗುದ್ದಿದೆ.

"ನಿನ್ನ ಹೆಣಾ ಎತ್ಲಿ!" ಎಂದು ಪರದೆಗೆ ಬೈದೆ.

"ಯಾರಿಗಿ ಅಂದ್ರಿ?" ಎಂದು ಲಟ್ಟಣಿಗೆ ಹಿಡಿದು ಮಾಲಾ ಬಂದಳು.

ಅಂತೂ ಹೊತ್ತು ಮುಳುಗುವುದರೊಳಗೆ ಅಂಕಿಗಳು ಸಾಲಾಗಿ ನಿಂತವು. ನೀರು ಪೋಲು ಮಾಡಬಾರದು ಎಂಬುದು ಒಂದನೆಯದು. ಎರಡನೆಯದು, ಬೀಗರನ್ನು ಆದರದಿಂದ ಬರಮಾಡಿಕೊಳ್ಳಬೇಕು. ಕುಡಿದು ಬಂದು ಗದ್ದಲ ಮಾಡುವವರ ಬಗ್ಗೆ ಮೂರನೆಯದು. ನಾಲ್ಕನೆಯದಂತೂ ನನ್ನ ಗದ್ಯದ ಶಿಖರ: "ಮೂರನೇ ನಿಯಮದಲ್ಲಿ ಹೇಳಲಾದವರನ್ನು ಕುತ್ತಿಗೆ ಹಿಡಿದು ಹೊರಹಾಕಲಾಗುವುದು!"

ಆಗ ಭವನದ ಅಧ್ಯಕ್ಷ ಬುಡನಸಾಬರ ಫೋನು ಬಂತು. "ಅರ್ಜುನ ಸರ, ಗಾಡಿ ಬಾಗಿಲದಾಗ ನಿಂದ್ರಸಬಾರದು ಅಂತ ಎಲ್ಲಾದಕ್ಕಿಂತ ಮ್ಯಾಲ ಹಾಕ್ರೆಲಾ."

ಹಾಕಿದೆ. ಉಳಿದ ನಿಯಮಗಳೆಲ್ಲ ತಾವಾಗಿ ಒಂದೊಂದು ಅಂಕಿ ಕೆಳಗೆ ಸರಿದವು. ಎಂಥ ಶಿಸ್ತು! ಓದಿ ನೋಡದೆ ಫ್ಲೆಕ್ಸ್ ಮಾಡಿಸಿ ಬಾಗಿಲಿಗೆ ಕಟ್ಟಿಸಿದೆ.

ನಿಶ್ಚಿತಾರ್ಥದ ದಿನ ರಾಮದುರ್ಗದಿಂದ ಬೀಗರ ಗಾಡಿಗಳು ಬಂದವು. ವರನ ತಂದೆ ಹಣಮಂತಪ್ಪನವರು ಬಾಗಿಲಲ್ಲೇ ನಿಂತು ಫ್ಲೆಕ್ಸನ್ನು ಗಟ್ಟಿಯಾಗಿ ಓದತೊಡಗಿದರು. "ಮೂರು. ಬೀಗರನ್ನು ಆದರದಿಂದ ಬರಮಾಡಿಕೊಳ್ಳಬೇಕು." ಮುಖ ಅರಳಿತು. ಕಣ್ಣು ಕೆಳಗಿಳಿಯಿತು. "ಐದು. ಮೂರನೇ ನಿಯಮದಲ್ಲಿ ಹೇಳಲಾದವರನ್ನು ಕುತ್ತಿಗೆ ಹಿಡಿದು..."

ಅಲ್ಲಿಗೆ ಮಂಗಳವಾದ್ಯ ನಿಂತಿತು!

"ಕರದು ಮಾನ ಕಳೀತೀರೇನ್ರಿ? ನಡೀರಿ, ಗಾಡಿ ಹತ್ರಿ ಎಲ್ಲಾರೂ!" ಎಂದು ಹಣಮಂತಪ್ಪ ಗುಡುಗಿದರು.

ನಾನು ಓಡಿಹೋಗಿ ಅಡ್ಡ ನಿಂತೆ. "ತಪ್ಪು ತಿಳೀಬ್ಯಾಡ್ರಿ! ಅಂಕಿ ತಾವ ಸರದಾವು, ವಾಕ್ಯದಾಗ ನಾ ಬರದ ಮೂರು ಹಂಗ ಉಳದೈತಿ. ಖರೇ ಹೇಳಬೇಕಂದ್ರ, ಕುಡುಕರ ಜಾಗಾದಾಗ ನೀವು ಬಂದು ಕುಂತೀರಿ, ಅಷ್ಟ!"

"ಈಗ ಕುಡುಕರೂ ಆದ್ವೇನು!"

ಪೂನಮ್ ಒಳಗೆ ಅಳತೊಡಗಿದಳು. ಬುಡನಸಾಬರು ಕೈಮುಗಿದರು. ಕೆಂಡವಾಗಿದ್ದ ಮಾಲಾ ಸರಸರ ಬಂದು ಫ್ಲೆಕ್ಸನ್ನು ಹರಿದು ಕಿತ್ತಳು. "ಮಾವಾರ, ನನ್ನ ತಂಗೀ ಮುಖಾ ನೋಡಿ ಒಳಗ ಬರ್ರಿ. ಇದನ್ನ ಬರದಾವ್ರನ್ನ ಹೊರಗ ಹಾಕೂ ಜಿಮ್ಮಾ ನಂದು."

ಹಣಮಂತಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಂದ್ರ ಬರತೇವಿ."

ಉಂಗುರ ಬದಲಾಯಿಸಿದ್ದನ್ನು ಕಾರ್ಯದರ್ಶಿಯಾದ ನಾನು ಹೊರಗಿನಿಂದ, ಕಿಟಕಿಯ ಸರಳು ಹಿಡಿದು ನೋಡಿದೆ. ಊಟದ ಹೊತ್ತಿಗೆ ಹಣಮಂತಪ್ಪನವರ ಸಿಟ್ಟಿಳಿದು, ಅವರೇ ನನ್ನನ್ನು ಒಳಗೆ ಕರೆದರು. ಸಿಕ್ಕಿದ್ದೇ ಅವಕಾಶವೆಂದು, "ಲಗ್ನಪತ್ರಿಕಿ ಕಂಪ್ಯೂಟರದಾಗ ನಾನ ಮಾಡಿಕೊಡತೇನಿ ಬಿಡ್ರಿ," ಎಂದೆ.

ಹೋಳಿಗೆ ಬಡಿಸುತ್ತಿದ್ದ ಮಾಲಾಳ ಕೈ ನಿಂತಿತು.

"ಬ್ಯಾಡ್ರಿ ನಿಮ್ಮ ಕಾಲ ಬೀಳತೇನಿ! ಮದಿಮಗನ ಜಾಗಾಕ್ಕ ಅಡಗಿ ಭಟ್ಟನ ಹೆಸರು ಸರದು ಬಂದ್ರ ನನ್ನ ತಂಗಿ ಯಾರಿಗಿ ಮಾಲಿ ಹಾಕಬೇಕು?"