ಕಾಪುವಿನಲ್ಲಿ ಇಳಿದ ಮಂಗಳ ನೌಕೆ

"ಚಂದ್ರನ ಮೇಲೆ ಕಾಲಿಡಲು ಅಮೆರಿಕದವರಿಗೆ ಕೋಟಿ ಕೋಟಿ ಬೇಕಾಯಿತು. ನಾನು ಒಂದೇ ಮಧ್ಯಾಹ್ನದಲ್ಲಿ ಮಂಗಳಕ್ಕೇ ಹೋಗಿ ಬರುತ್ತೇನೆ, ಖರ್ಚಿಲ್ಲದೆ!"

ಎಂಬತ್ತಮೂರನೆಯ ಇಸವಿಯ ಒಂದು ಬೆಳಿಗ್ಗೆ ಉಡುಪಿಯ ಹೈಸ್ಕೂಲು ವಿಜ್ಞಾನ ಮಾಸ್ತರು ವಿಷ್ಣುಮೂರ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದರು. ಹೆಂಡತಿ ಸುಭಾಷಿಣಿ ತಲೆ ಎತ್ತಲೂ ಇಲ್ಲ.

"ಹೋಗುವ ದಾರಿಯಲ್ಲಿ ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆಯಾ ಕೇಳಿ."

ಮಣಿಪಾಲದ ಚಿತ್ರಪ್ರೇಮಿಗಳ ಸಂಘವೊಂದು ಕಿರುಚಿತ್ರ ಸ್ಪರ್ಧೆ ಇಟ್ಟಿತ್ತು; ಮಾಸ್ತರು ಅದಕ್ಕೆ ಮಂಗಳಯಾನದ ಚಿತ್ರ ತೆಗೆಯುವವರಿದ್ದರು. ಕಲ್ಯಾಣಪುರದ ಗೆಳೆಯ ಜೋಕಿಮನ ಬಳಿ, ಅವನಣ್ಣ ಬಹರೈನಿನಿಂದ ತಂದುಕೊಟ್ಟ ಪುಟ್ಟ ಮೂವಿ ಕ್ಯಾಮೆರಾ ಇತ್ತು. ಇದ್ದದ್ದು ಮೂರು ನಿಮಿಷ ಓಡುವ ಒಂದೇ ರೀಲು. ಅದರಲ್ಲಿ ಧ್ವನಿಯೂ ಇಲ್ಲ.

"ಮಂಗಳದಲ್ಲಿ ಗಾಳಿಯೇ ತೆಳು, ಮಾತು ಎಲ್ಲಿ ಕೇಳುತ್ತದೆ ಮಾರಾಯ? ವಿಜ್ಞಾನಕ್ಕೆ ಸರಿಯಾಗಿಯೇ ಉಂಟು!" ಎಂದರು ಮಾಸ್ತರು.

ಚಹಾ ಪೆಟ್ಟಿಗೆಯ ಬೆಳ್ಳಿ ಕಾಗದವನ್ನು ಹಳೆಯ ಪೈಜಾಮಕ್ಕೆ ಅಂಟಿಸಿ ಗಗನಯಾತ್ರಿಯ ಪೋಷಾಕು ತಯಾರಾಯಿತು. ತಲೆಗೆ ಜೋಕಿಮನ ಬೈಕಿನ ಹೆಲ್ಮೆಟ್ಟು. ಇನ್ನು ನೌಕೆ! ಮಾಸ್ತರ ಕಣ್ಣು ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯ ಮೇಲೆ ಬಿತ್ತು.

"ಮುಟ್ಟಿದರೆ ನೋಡಿ! ಅದು ನನ್ನ ಅಮ್ಮ ಕೊಟ್ಟದ್ದು."

"ನಿನ್ನ ಅಮ್ಮನ ಹೆಸರು ಅಂತರಿಕ್ಷದಲ್ಲಿ ಉಳಿಯುತ್ತದೆ ಮಾರಾಯ್ತಿ!"

"ಹಾಗಾದರೆ ನಾನೂ ಬರುತ್ತೇನೆ. ಪಾತ್ರೆ ಕಾಯಲಿಕ್ಕೆ."

ನಡುಮಧ್ಯಾಹ್ನ ಮೂವರೂ ಕಾಪುವಿನ ಕಡಲತೀರ ತಲುಪಿದರು. ಮಂಗಳದಂತೆಯೇ ನಿರ್ಜನ ಎಂದು ಮಾಸ್ತರು ಹಿಗ್ಗುವಷ್ಟರಲ್ಲಿ, ಮೀನು ಮಾರಿ ಮನೆಗೆ ಹೊರಟಿದ್ದ ವಾರಿಜಾ ಬುಟ್ಟಿ ಇಳಿಸಿ ನಿಂತಳು.

"ಇದು ಎಂತ ಸ್ವಾಮೀ? ಕೃಷ್ಣಾಷ್ಟಮಿಗೆ ವೇಷ ಕಟ್ಟಲಿಕ್ಕೆ ಇನ್ನೂ ತುಂಬ ದಿನ ಉಂಟಲ್ವಾ?"

"ವೇಷ ಅಲ್ಲ, ನಾನು ಗಗನಯಾತ್ರಿ!"

"ಓ, ಈ ಸಲ ಹಾಗೊಂದು ವೇಷವಾ?"

ವಾದಕ್ಕೆ ಸಮಯವಿರಲಿಲ್ಲ. ಪಾತ್ರೆಯನ್ನು ನೈಲಾನ್ ದಾರದಲ್ಲಿ ಬಿದಿರಿನ ಗಳಕ್ಕೆ ಕಟ್ಟಿ, ಗಳವನ್ನು ವಾರಿಜಾಳ ಕೈಗೇ ಕೊಟ್ಟು ಬಂಡೆಯ ಮೇಲೆ ನಿಲ್ಲಿಸಿದರು. "ಏನೇ ಆಗಲಿ, ಕ್ಯಾಮೆರಾ ನಿಲ್ಲಿಸಬೇಡ!" ಎಂದು ಜೋಕಿಮನಿಗೆ ಅಪ್ಪಣೆಯಾಯಿತು.

ನೌಕೆ ಗಂಭೀರವಾಗಿ ಒದ್ದೆ ಮರಳಿನ ಮೇಲೆ ಇಳಿಯಿತು. ಗಗನಯಾತ್ರಿ ಎದೆಯುಬ್ಬಿಸಿ ಬಾವುಟ ಎತ್ತಿದ. ಅದೇ ಕ್ಷಣ, ಮಂಗಳ ಗ್ರಹದಲ್ಲಿ ಇರಬಾರದಂಥ ದೊಡ್ಡದೊಂದು ತೆರೆ ಬಂತು! ದಾರ ಕಡಿಯಿತು. ನೌಕೆ ಅರಬ್ಬೀ ಸಮುದ್ರದ ಕಡೆಗೆ ಯಾನ ಬೆಳೆಸಿತು.

ಮಾಸ್ತರು ಬೆನ್ನಟ್ಟಿದರು. ಹೆಲ್ಮೆಟ್ಟಿನ ಗಾಜಿಗೆ ಉಸಿರಿನ ಮಂಜು ಕಟ್ಟಿ, ನೌಕೆ ಒಂದು ದಿಕ್ಕಿಗಾದರೆ ಅವರು ಇನ್ನೊಂದು ದಿಕ್ಕಿಗೆ ಓಡಿ ಮುಗ್ಗರಿಸಿದರು. ಬೆಳ್ಳಿ ಕಾಗದ ಒಂದೊಂದೇ ತುಂಡಾಗಿ ತೇಲಿಹೋಯಿತು.

"ಅಯ್ಯೋ, ನನ್ನ ಪಾತ್ರೆ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಸುಭಾಷಿಣಿ ನೀರಿಗೆ ನುಗ್ಗಿದರು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಗಂಡ, ಎರಡನ್ನೂ ದಡಕ್ಕೆ ಎಳೆದು ತಂದರು. ಪಾತ್ರೆಯನ್ನು ಮೆಲ್ಲನೆ ಕೆಳಗಿಟ್ಟರು, ಗಂಡನನ್ನು ಬಿಡಲಿಲ್ಲ! ಬೆರಳು ಝಳಪಿಸುತ್ತಾ ಅವರು ಆಡಿದ ಮಾತುಗಳನ್ನೆಲ್ಲ ಜೋಕಿಮ್ ರೀಲು ಮುಗಿಯುವವರೆಗೆ ನಿಷ್ಠೆಯಿಂದ ಸೆರೆಹಿಡಿದ. ಧ್ವನಿ ಇಲ್ಲದ್ದು ಪುಣ್ಯ!

ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬಂದ ರೀಲನ್ನು ಅಟ್ಟದ ಮೇಲೆ ಹೂತಿಡಬೇಕೆಂದು ಮಾಸ್ತರು ನಿಶ್ಚಯಿಸಿದ್ದರು. ಆದರೆ ಜೋಕಿಮ್ ಆಗಲೇ ಅದನ್ನು ಸ್ಪರ್ಧೆಗೆ ಕೊಟ್ಟಾಗಿತ್ತು.

ಮಣಿಪಾಲದ ಸಭಾಂಗಣದಲ್ಲಿ ಚಿತ್ರ ಓಡಿತು. ಮಾಸ್ತರು ಕುರ್ಚಿಯಲ್ಲಿ ಇಂಗಿಹೋದರು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು!

"ತನ್ನ ಗ್ರಹಕ್ಕೆ ನುಗ್ಗಿದ ಭೂಮಿಯವನನ್ನು ಆ ಹೆಣ್ಣು ಎದುರಿಸಿದ ಪರಿ! ಆ ಕಣ್ಣಿನ ಕೋಪ!" ಎಂದು ತೀರ್ಪುಗಾರರು ಗದ್ಗದಿತರಾದರು. ಅತ್ಯುತ್ತಮ ನಟಿ ಸುಭಾಷಿಣಿ!

"ಅಭಿನಯ ಎಂತದ್ದೂ ಇಲ್ಲ, ಮನೆಯಲ್ಲಿ ಮಾಡುವುದನ್ನೇ ಮಾಡಿದ್ದು" ಎಂದು ನಾಚುತ್ತಾ ಅವರು ಬಹುಮಾನ ತೆಗೆದುಕೊಂಡರು. ತೀರ್ಪುಗಾರರು ಮಾಸ್ತರ ಕಡೆ ತಿರುಗಿದರು.

"ಆ ಬಿದ್ದು ಬಿದ್ದು ಏಳುವ ಹಾಸ್ಯಗಾರ ಯಾರು ಮಾರಾಯ್ರೇ?"

ಸುಭಾಷಿಣಿಯೇ ನಗುತ್ತಾ ಗಂಡನ ತೋಳು ಹಿಡಿದರು.

"ನಮ್ಮವರೇ. ಪಾಪ, ನನ್ನ ಮುಂದಿನ ಸಿನಿಮಾದಲ್ಲಿಯೂ ಇವರಿಗೊಂದು ಸಣ್ಣ ಪಾತ್ರ ಕೊಡುತ್ತೇನೆ!"