ಮೊದಲ ಸಾಲು ಖಾಲಿ

ಖಾಲಿ ಜಾಗ ಕಂಡರೆ ಸಹಿ ಹಾಕುವುದು ಬಸಲಿಂಗನ ಕೈಗೆ ಅಂಟಿದ ರೋಗ. ಹುಟ್ಟಿನಿಂದ ಬಂದದ್ದಲ್ಲ, ಪೀಣ್ಯದ ಕಾರ್ಖಾನೆಯಿಂದ ಬಂದದ್ದು. ಆ ಕಾರ್ಖಾನೆಗೆ ಐಎಸ್‌ಒ ಸರ್ಟಿಫಿಕೇಟ್ ಸಿಕ್ಕಿದ ದಿನದಿಂದ ಅಲ್ಲಿ ಮಾಲು ಕೆಟ್ಟರೆ ಕ್ಷಮೆ ಉಂಟು, ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಕ್ಷಮೆ ಇಲ್ಲ. ಆಡಿಟ್‌ಗೆ ಬರುವ ಮಹಾನುಭಾವರು ಯಂತ್ರದ ಕಡೆ ತಿರುಗಿಯೂ ನೋಡುವುದಿಲ್ಲ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುತ್ತ ಖಾಲಿ ಕಾಲಂ ಹುಡುಕುತ್ತಾರೆ. ಹೀಗೆ ಎಂಟು ವರ್ಷ ದುಡಿದ ಮೇಲೆ ಬಸಲಿಂಗನ ಕೈ ಎಷ್ಟು ಪಳಗಿತ್ತೆಂದರೆ, ಮದುವೆಮನೆಯ ಮುಯ್ಯಿ ಪುಸ್ತಕದಲ್ಲಿ ಬೇರೆಯವರ ಹೆಸರಿನ ಮುಂದೆಯೂ ಅವನು ಸಹಿ ಹಾಕಿ ಬಂದದ್ದುಂಟು.

ಆ ಮಂಗಳವಾರ ಬೆಳಿಗ್ಗೆ ಅವನಿಗೆ ಬೇಕಾಗಿದ್ದದ್ದು ಒಂದೇ, ನಿದ್ದೆ.

ರಾತ್ರಿ ಪಾಳಿ ಮುಗಿಸಿ ರಾಜಗೋಪಾಲನಗರದ ಮನೆಗೆ ಬಂದು ಮಲಗಿದರೆ, ಗೋಡೆಯಾಚೆ ಮುನಿಯಣ್ಣನ ಶೆಡ್ಡಿನಲ್ಲಿ ಪವರ್ ಪ್ರೆಸ್ ಶುರುವಾಗುತ್ತಿತ್ತು. ತಗಡಿನಿಂದ ವಾಷರ್ ಕತ್ತರಿಸುವ ಯಂತ್ರ ಅದು. ಧಡಕ್ ಅಂದಾಗೊಮ್ಮೆ ಬಸಲಿಂಗನ ಮನೆಯ ಪಾತ್ರೆಗಳು ಶೆಲ್ಫಿನ ಮೇಲೆ ಒಂದೊಂದು ಹೆಜ್ಜೆ ಮುಂದಕ್ಕೆ ಬರುತ್ತಿದ್ದವು. ನಿದ್ದೆ ಬಂದವನಿಗೆ ಹಾಸಿಗೆ ಬೇಡ ಎನ್ನುತ್ತಾರೆ. ಹಾಗೆಂದವರು ಯಾರೂ ಪವರ್ ಪ್ರೆಸ್ಸಿನ ಪಕ್ಕ ಮಲಗಿರಲಿಲ್ಲ. ಮೊದಲ ಪಾಳಿಗೆ ಹಾಕಿಕೊಡಿ ಎಂದು ಬಸಲಿಂಗ ಎರಡು ವರ್ಷದಲ್ಲಿ ಮೂರು ಅರ್ಜಿ ಬರೆದಿದ್ದ. ಮೂರೂ ಫೈಲಿನಲ್ಲಿ ಅವನಿಗಿಂತ ಸುಖವಾಗಿ ಮಲಗಿದ್ದವು.

ಹಿಂದಿನ ರಾತ್ರಿಯಂತೂ ಅವನು ಗ್ರೈಂಡಿಂಗ್ ಯಂತ್ರದ ಮುಂದೆ ನಿಂತೇ ಗೊರಕೆ ಹೊಡೆದಿದ್ದ. ಸೂಪರ್‌ವೈಸರ್ ಗಂಗಪ್ಪ ಭುಜ ಅಲುಗಿಸಿ, “ಇನ್ನೊಂದ್ಸಲ ತೂಕಡಿಸಿದ್ರೆ ಮೆಮೊ ಕೊಡಲ್ಲ ಕಣಯ್ಯ, ಸೀದಾ ಮನೆಗೆ ಕಳಿಸ್ತೀನಿ. ಬೆರಳು ಹೋದ್ರೆ ಯಾರಯ್ಯ ಜವಾಬ್ದಾರಿ?” ಎಂದಿದ್ದ. ಕೆಲಸ ಉಳಿಯಬೇಕಾದರೆ ಇವತ್ತು ಮಲಗಲೇಬೇಕು. ಬಸಲಿಂಗನಿಗೆ ನಿಜಕ್ಕೂ ಭಯವಾಗಿತ್ತು.

ಪುಣ್ಯಕ್ಕೆ ಅಂದು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಲೋಡ್ ಶೆಡ್ಡಿಂಗ್ ಇತ್ತು. ಕರೆಂಟ್ ಹೋದರೆ ಇಡೀ ಬೀದಿ ಶಾಪ ಹಾಕುತ್ತಿತ್ತು, ಬಸಲಿಂಗ ಮಾತ್ರ ಕೈಮುಗಿಯುತ್ತಿದ್ದ. ಎಂಟಕ್ಕೆ ಸರಿಯಾಗಿ ಪ್ರೆಸ್ ನಿಂತಿತು. ಅವನು ಗೋಡೆ ಕಡೆ ಹೊರಳಿ ಕಣ್ಣು ಮುಚ್ಚಿದ.

ಎಂಟೂ ಇಪ್ಪತ್ತಕ್ಕೆ ಬಾಗಿಲು ಬಡಿಯಿತು.

“ಬಸಲಿಂಗ, ಒಂದೇ ಒಂದು ಸೈನ್ ಹಾಕ್ಬಿಡಿ!”

ಬಂದವರು ನಾಗಲಕ್ಷ್ಮಮ್ಮ, ಬೀದಿಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಮೂವತ್ತು ವರ್ಷ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ತಿದ್ದಲು ಮಕ್ಕಳಿಲ್ಲದೆ ಈಗ ಬೀದಿಯನ್ನು ತಿದ್ದುತ್ತಿದ್ದರು. ಅವರ ಕೈಯಲ್ಲಿ ಒಂದು ಅರ್ಜಿ ಇತ್ತು. ಅದರಲ್ಲಿ ಎರಡನೇ ಸಾಲಿನಿಂದ ನಲವತ್ತೊಂದನೇ ಸಾಲಿನವರೆಗೆ ಸಹಿಗಳು ಇರುವೆ ಸಾಲಿನಂತೆ ಇಳಿದಿದ್ದವು. ಒಂದನೇ ಸಾಲು ಮಾತ್ರ ಖಾಲಿ.

ಅರೆನಿದ್ದೆಯ ಕಣ್ಣಿಗೆ ಅಷ್ಟು ಬಿದ್ದದ್ದೇ ತಡ, ಕೈ ತನ್ನ ಕೆಲಸ ಮಾಡಿಬಿಟ್ಟಿತು. ಸಹಿ, ಕೆಳಗೆ ತಾರೀಖು, ಪಕ್ಕದಲ್ಲಿ ಪಾಳಿ ಸಂಖ್ಯೆ.

“ಅಬ್ಬಾ, ನೀವು ಗಂಡಸು ಅಂದ್ರೆ ಗಂಡಸು! ಮೂರು ವಾರದಿಂದ ಈ ಸಾಲಿಗೆ ಯಾರೂ ಸಿಕ್ಕಿರ್ಲಿಲ್ಲ,” ಎಂದರು ನಾಗಲಕ್ಷ್ಮಮ್ಮ.

ಬಸಲಿಂಗನ ಒಂದು ಕಣ್ಣು ತೆರೆಯಿತು. “ಇದ್ಯಾವ ಅರ್ಜಿರಿ ಅಮ್ಮಾರ?”

“ಇನ್ಯಾವುದು? ಮುನಿಯಣ್ಣನ ಪ್ರೆಸ್ ಶಬ್ದದ ಮೇಲೆ.”

ಇನ್ನೊಂದು ಕಣ್ಣೂ ತೆರೆಯಿತು. ಬೇಡಿಕೆಯೇನೋ ಅವನ ಮನಸ್ಸಿನದೇ. ಆದರೆ ಮುನಿಯಣ್ಣ ಎಂದರೆ ಸಾಮಾನ್ಯನೆ? ಈ ಬೀದಿ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿದ್ದ ಮನೆತನ, ಅರ್ಧ ಬೀದಿಯ ಮನೆಗಳ ಮಾಲೀಕ. ಸಾಲದ್ದಕ್ಕೆ ಸಂಘದ ಅಧ್ಯಕ್ಷನೂ ಅವನೇ. ಬೆಕ್ಕಿಗೆ ಗಂಟೆ ಕಟ್ಟಲು ನಲವತ್ತು ಇಲಿಗಳು ಒಪ್ಪಿದ್ದವು, ಆದರೆ ಗಂಟೆ ಹಿಡಿಯಲು ಒಂದೂ ಮುಂದೆ ಬಂದಿರಲಿಲ್ಲ.

“ಅಮ್ಮಾರ, ನನ್ನ ಹೆಸರು ಕೆಳಗ ಬರ್ಕೋರಿ. ನಲವತ್ತೆರಡನೇದು ಆಗ್ಲಿ.”

“ಸಹಿ ಅಳಿಸೋಕೆ ಬರಲ್ಲ ಕಣ್ರೀ. ರೂಲ್ ಗೊತ್ತಲ್ಲ? ಮೊದಲ ಸಹಿ ಹಾಕಿದೋರೇ ಸಭೆಯಲ್ಲಿ ಮಾತಾಡ್ಬೇಕು. ಇವತ್ತೇ ನಾಲ್ಕು ಗಂಟೆಗೆ ಸಭೆ. ಸರಿಯಾಗಿ ಮಾತಾಡಿ, ಒಂದ್ಸಲ ಆದ ತೀರ್ಮಾನ ಒಂದು ವರ್ಷ ಬದಲಾಗಲ್ಲ.”

ಹಿಂದಿನ ವರ್ಷ ಗಣೇಶನ ಪೆಂಡಾಲಿನ ಜಾಗ ಹನ್ನೊಂದು ಸಲ ತೀರ್ಮಾನವಾಗಿ ಹನ್ನೊಂದು ಸಲ ಬದಲಾದ ಮೇಲೆ ನಾಗಲಕ್ಷ್ಮಮ್ಮನೇ ಮಾಡಿದ ನಿಯಮ ಅದು. ಅವರು ಹೋದ ಮೇಲೆ ಬಸಲಿಂಗ ಮತ್ತೆ ಮಲಗಿದ. ಕಣ್ಣಿಗೆ ಕಣ್ಣು ಹತ್ತುವಷ್ಟರಲ್ಲಿ ಎದುರುಮನೆಯ ಸಿದ್ದಮ್ಮ ಒಂದು ಲೋಟ ಕಾಫಿ ಹಿಡಿದು ಬಂದಳು.

“ಒಳ್ಳೆ ಕೆಲ್ಸ ಮಾಡ್ದೆ ಕಣಪ್ಪ. ನಿದ್ದೆ ಬರ್ದಂಗೆ ಕಾಫಿ ಕುಡಿ. ಅಂಗೇ ನಮ್ಮನೆ ಮುಂದ್ಲ ಮೋರಿ ಇಸ್ಯನೂ ಒಂದ್ಮಾತು ಆಕು. ಆದ್ರೆ ನನ್ ಎಸ್ರು ಮಾತ್ರ ಎತ್ಬ್ಯಾಡ.”

ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎಲ್ಲರೂ ಬೆನ್ನು ತಟ್ಟಿದರು, ಎಲ್ಲರೂ ಒಂದೊಂದು ಬೇಡಿಕೆ ಕೊಟ್ಟರು, ಎಲ್ಲರೂ ಹೋಗುವಾಗ ದನಿ ತಗ್ಗಿಸಿ “ನನ್ನ ಹೆಸರು ಬೇಡ” ಎಂದರು. ಅರ್ಜಿಯಲ್ಲಿ ಸಹಿ ಹಾಕಿದವರು ನಲವತ್ತೊಂದು ಮಂದಿ, ಸಭೆಗೆ ಉಳಿದ ಹೆಸರು ಒಂದೇ.

ಅವನ ಹೆಂಡತಿ ಸವಿತಾ ಕೊನೆಯವರನ್ನು ಕಳಿಸಿ ಬಾಗಿಲು ಹಾಕಿದಳು. ಗಂಡನ ಕೆಂಡದಂಥ ಕಣ್ಣು ನೋಡಿ ಅವಳಿಗೆ ಅಳು ಬಂತು.

“ಹಿಂಗಾದ್ರ ಇವತ್ತು ರಾತ್ರಿ ಯಂತ್ರಕ್ಕ ಕೈ ಕೊಡ್ತೀರಿ ನೀವು. ತಡೀರಿ, ನಾ ಒಂದು ಮಾತು ಕೇಳಿ ನೋಡ್ತೇನಿ,” ಎಂದು ಅವನ ಮೊಬೈಲ್ ತೆಗೆದುಕೊಂಡು ಹಿತ್ತಲಿಗೆ ನಡೆದಳು.

“ಯಾರ ಕೂಡ?”

“ನೀವು ಸುಮ್ನ ಮಲಕ್ಕೋರಿ.”

ಅವನು ದಿಂಬಿಗೆ ತಲೆ ಕೊಟ್ಟ. ಹತ್ತು ಗಂಟೆಯಾಗಿತ್ತು, ಕರೆಂಟ್ ಬಂತು. ಧಡಕ್! ಅರ್ಜಿಯ ಸುದ್ದಿ ಶೆಡ್ಡಿಗೂ ಮುಟ್ಟಿರಬೇಕು. ಪ್ರೆಸ್ ನಡೆಸುವ ಮುನಿಯಣ್ಣನ ಮಗ ನರೇಶ ಅಂದು ಎರಡು ಪಟ್ಟು ಉತ್ಸಾಹದಿಂದ ತಗಡು ಕತ್ತರಿಸಿದ. ಮಧ್ಯಾಹ್ನದ ಹೊತ್ತಿಗೆ ಒಂದು ತಟ್ಟೆ ಶೆಲ್ಫಿನ ಅಂಚಿಗೆ ಬಂದು ಬಸಲಿಂಗನ ಹೊಟ್ಟೆಯ ಮೇಲೆ ಬಿತ್ತು. ಅವನು ಎದ್ದು ಕುಳಿತು, ನಾಲ್ಕಾಗುವುದನ್ನೇ ಕಾಯತೊಡಗಿದ.

ಸಭೆ ನಡೆಯುವುದು ಮುನಿಯಣ್ಣನ ಶೆಡ್ಡಿನ ಮುಂಭಾಗದ ಕೋಣೆಯಲ್ಲಿ. ಸಂಘಕ್ಕೆ ಬೇರೆ ಜಾಗವಿರಲಿಲ್ಲ. ಹೀಗಾಗಿ ಮುನಿಯಣ್ಣನ ಪ್ರೆಸ್ ಮೇಲಿನ ದೂರನ್ನು ಮುನಿಯಣ್ಣನ ಕುರ್ಚಿಗಳ ಮೇಲೆ ಕುಳಿತು, ಮುನಿಯಣ್ಣ ತರಿಸಿದ ಚಹ ಕುಡಿಯುತ್ತ, ಮುನಿಯಣ್ಣನ ಅಧ್ಯಕ್ಷತೆಯಲ್ಲೇ ವಿಚಾರಿಸಬೇಕಾಯಿತು. ಸಭೆಯ ಗೌರವಕ್ಕೆಂದು ಪ್ರೆಸ್ ನಿಲ್ಲಿಸಿದ್ದರು.

ಅದೇ ಎಡವಟ್ಟಾಯಿತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ನಾಲ್ಕು ಗಂಟೆಗೆ ನಿಶ್ಶಬ್ದ. ಮೇಲೆ ತಣ್ಣನೆಯ ಫ್ಯಾನು, ಕೆಳಗೆ ಕೈಯಿರುವ ಕುರ್ಚಿ. ನಾಗಲಕ್ಷ್ಮಮ್ಮ ಅರ್ಜಿ ಓದಿ ಮುಗಿಸುವ ಹೊತ್ತಿಗೆ ಮೊದಲ ಅರ್ಜಿದಾರನ ಗದ್ದ ಎದೆಗೆ ತಾಗಿ, ಗೊರಕೆ ಕೇಳಿಬರುತ್ತಿತ್ತು.

“ಬಸಲಿಂಗ!”

ಅವನು ದಡಬಡಿಸಿ ಎದ್ದು ನಿಂತ. ಕಾರ್ಖಾನೆಯಲ್ಲಿ ಇದ್ದೇನೆಂದುಕೊಂಡು, “ಓಕೆ ಸರ್, ಎಲ್ಲಾ ಚೆಕ್ ಮಾಡೀನಿ,” ಎಂದ. ಜನ ನಕ್ಕರು.

ಮುನಿಯಣ್ಣ ನಗಲಿಲ್ಲ. ಮೀಸೆ ಸವರಿಕೊಂಡು ಅವನನ್ನೇ ನೋಡಿದ. “ಏನಪ್ಪಾ, ನಿಂಗೇನು ತೊಂದ್ರೆ ಆಗೈತೆ, ನೀನೇ ಬಾಯ್ಬುಟ್ಟು ಯೋಳು. ಏನು ಮಾಡ್ಬೇಕು ನಾನು?”

ಬಸಲಿಂಗ ಹಿಂದಕ್ಕೆ ತಿರುಗಿ ನೋಡಿದ. ನಲವತ್ತು ಸಹಿಗಳೂ ನೆಲ ನೋಡುತ್ತಿದ್ದವು. ಮನೆಯಲ್ಲಿ ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಎದೆಯೊಳಗೆ ಇದ್ದದ್ದೇ ಹೊರಗೆ ಬಂತು.

“ಹಗಲೊತ್ತು ಮಷಿನ್ ಬಂದ್ ಮಾಡ್ರಿ ಗೌಡ್ರ. ಅಷ್ಟ ಸಾಕು. ನನಗ ಬ್ಯಾರೆ ಏನೂ ಬ್ಯಾಡ.”

ಮುನಿಯಣ್ಣ ಕುರ್ಚಿ ಎತ್ತಿ ಎಸೆಯುತ್ತಾನೆಂದು ಸಿದ್ದಮ್ಮ ಬಾಗಿಲ ಕಡೆ ಸರಿದಳು. ಮುನಿಯಣ್ಣ ಮಗನ ಮುಖ ನೋಡಿದ, ಮಗ ಅಪ್ಪನ ಮುಖ ನೋಡಿದ.

“ಅಗಲೊತ್ತು ತಾನೆ? ಅಂಗೇ ಆಗ್ಲಿ ಬುಡು. ಬೆಳಗ್ಗೆ ಆರರಿಂದ ಸಂಜೆ ಆರರಗಂಟ ಮಿಸನ್ನು ಮುಟ್ಟಾಕಿಲ್ಲ. ಬರ್ಕಳಮ್ಮ ನಾಗಲಕ್ಸ್ಮಮ್ಮ, ಬಸಲಿಂಗನ ಬೇಡಿಕೆ ಪರ್ಕಾರ ಅಂತ ಬರ್ಕ.”

ನಾಗಲಕ್ಷ್ಮಮ್ಮನ ಪೆನ್ನು ಒಂದು ಗಳಿಗೆ ತಡೆದು ನಿಂತಿತು. ಅಷ್ಟರಲ್ಲಿ ಚಪ್ಪಾಳೆ ಎದ್ದುಬಿಟ್ಟಿತು. ಯಾರೋ ಗೋಡೆಯ ಗಣಪತಿ ಪಟದ ಹಾರ ತೆಗೆದು ಬಸಲಿಂಗನ ಕೊರಳಿಗೆ ಹಾಕಿದರು. ಬೆಳಿಗ್ಗೆ ಹೆಸರು ಹೇಳಬೇಡ ಎಂದಿದ್ದವರೆಲ್ಲ ಈಗ “ನಾನೇ ಹೇಳಿಕೊಟ್ಟದ್ದು” ಎನ್ನತೊಡಗಿದರು. ಪೆನ್ನು ಬರೆದು ಮುಗಿಸಿತು.

ಬಸಲಿಂಗ ಹಾರದ ಸಮೇತ ಮನೆಗೆ ಬಂದು ಮಲಗಿದ. ಸ್ವರ್ಗ ಎಂದರೆ ಏನೆಂದು ಅವನಿಗೆ ಅಂದು ತಿಳಿಯಿತು. ಐದೂ ಮುಕ್ಕಾಲಿಗೆ ಸವಿತಾ ಅವನನ್ನು ಎಬ್ಬಿಸಿ ಮೊಬೈಲ್ ಕಿವಿಗೆ ಹಿಡಿದಳು. ಅವಳ ಮುಖದ ತುಂಬ ನಗು.

“ಬಸಲಿಂಗ, ಗಂಗಪ್ಪ ಕಣಯ್ಯ. ನಿನ್ ಹೆಂಡ್ತಿ ಬೆಳಿಗ್ಗೆ ಫೋನಲ್ಲಿ ಅತ್ತುಬಿಟ್ಲು. ಮ್ಯಾನೇಜರ್ ಹತ್ರ ಮಾತಾಡಿದೀನಿ. ನಾಳೆಯಿಂದ ನಿಂಗೆ ಪರ್ಮನೆಂಟಾಗಿ ಫಸ್ಟ್ ಶಿಫ್ಟು. ಇವತ್ತು ಬರ್ಬೇಡ, ರಾತ್ರಿ ಪೂರ್ತಿ ಮಲ್ಕೊಂಡು ಬೆಳಿಗ್ಗೆ ಆರಕ್ಕೆ ಫ್ರೆಶ್ಶಾಗಿ ಬಾ. ಆದ್ರೆ ಒಂದು ಮಾತು, ಬೆಳಿಗ್ಗೆ ಪಾಳಿಲೂ ತೂಕಡಿಸಿದ್ರೆ ಆ ದೇವ್ರು ಬಂದ್ರೂ ನಿನ್ನ ಉಳಿಸಲ್ಲ.”

ಬಸಲಿಂಗ ಹಾಸಿಗೆಯ ಮೇಲೆ ಎದ್ದು ನಿಂತ. ಸವಿತಾಳ ಎರಡೂ ಕೈ ಹಿಡಿದುಕೊಂಡ. ಎರಡು ವರ್ಷ ಬೇಡಿದ್ದು ಸಿಕ್ಕಿತ್ತು, ಹಗಲು ಯಂತ್ರವೂ ನಿಂತಿತ್ತು. ಒಂದೇ ದಿನ ಎರಡು ಗೆಲುವು. ಹೆಂಡತಿ ಮಾಡಹೊರಟ ಪಾಯಸಕ್ಕೆ ಅವನು ತಾನೇ ಒಲೆ ಹಚ್ಚಿದ.

ಆರು ಗಂಟೆಯಾಯಿತು.

ಧಡಕ್!

ಶೆಲ್ಫಿನ ಪಾತ್ರೆಗಳು ಒಂದು ಹೆಜ್ಜೆ ಮುಂದೆ ಬಂದವು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವ ಹಾಗಾಯಿತು. ಬಸಲಿಂಗ ಬರಿಗಾಲಲ್ಲಿ ಶೆಡ್ಡಿಗೆ ಓಡಿದ. ನರೇಶ ಯಂತ್ರ ನಿಲ್ಲಿಸಿ ಬಂದು ಅವನನ್ನು ಅಪ್ಪಿಕೊಂಡ.

“ಗುರು, ನೀನು ದೇವ್ರು ಕಣೋ! ಹಗಲಾದ್ರೆ ಪವರ್ ಕಟ್ಟು, ಆರ್ಡರ್ ಎಲ್ಲ ಲೇಟು. ರಾತ್ರಿ ಕರೆಂಟ್ ಹೋಗೋದೇ ಇಲ್ಲ. ಆರು ತಿಂಗಳಿಂದ ನೈಟ್ ಓಡಿಸ್ಬೇಕು ಅಂತಿದ್ವಿ, ಬೀದಿಯೋರು ಗಲಾಟೆ ಮಾಡ್ತಾರೆ ಅಂತ ಅಪ್ಪ ಸುಮ್ನಿದ್ರು. ನೀನೇ ಕೇಳ್ದೆ, ಸಂಘನೇ ಪಾಸ್ ಮಾಡ್ತು. ಇನ್ನು ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ನಿಲ್ಸೋ ಮಾತೇ ಇಲ್ಲ!”

“ಎಷ್ಟು ದಿನ?” ಎಂದ ಬಸಲಿಂಗ.

“ದಿನ ಏನ್ ಬಂತು? ರೂಲ್ ಇದೆಯಲ್ಲ, ಒಂದು ವರ್ಷ!”

ಅವನು ಮನೆಗೆ ಮರಳಿದಾಗ ಪಾಯಸ ತಳ ಹಿಡಿದಿತ್ತು. ಹೊರಗೆ ಬೀದಿಗೆ ಬೀದಿಯೇ ಸೇರಿ ಗುಜುಗುಜು ಮಾಡುತ್ತಿತ್ತು. ಏಳು ಗಂಟೆಗೆ ಬಾಗಿಲು ಬಡಿಯಿತು. ಕೈಯಲ್ಲಿ ಕಾಗದ ಹಿಡಿದು ನಾಗಲಕ್ಷ್ಮಮ್ಮ ನಿಂತಿದ್ದರು. ಅವರ ಮುಖ ಬಾಡಿತ್ತು.

“ತೀರ್ಮಾನ ಬದಲಾಯಿಸೋ ಹಾಗಿಲ್ಲ ಬಸಲಿಂಗ, ರೂಲ್ ಮಾಡಿದ್ದೇ ನಾನು. ಅದಕ್ಕೇ ಜನ ಬೇರೆ ಅರ್ಜಿ ಬರೆದಿದಾರೆ. ಬೀದಿಯ ನಿದ್ದೆ ಕೆಡಿಸಿದ್ದಕ್ಕೆ ನಿಮ್ಮ ಮೇಲೆ ಕ್ರಮ ತಗೋಬೇಕಂತೆ. ನೀವೇ ಒಂದ್ಸಲ ಓದಿ, ನಿಮ್ಮ ಬೆನ್ನ ಹಿಂದೆ ಮಾಡಿದ್ವಿ ಅಂತಾಗ್ಬಾರದು.”

ಬಸಲಿಂಗ ಕಾಗದ ತೆಗೆದುಕೊಂಡ. ಧಡಕ್ ಎಂಬ ಸದ್ದಿಗೆ ಅಕ್ಷರಗಳು ಕುಣಿಯುತ್ತಿದ್ದವು. ಕೆಳಗೆ ಸಹಿಗಳಿದ್ದವು, ಎರಡನೇ ಸಾಲಿನಿಂದ ನಲವತ್ತೊಂದನೇ ಸಾಲಿನವರೆಗೆ. ಮಧ್ಯಾಹ್ನವಷ್ಟೇ ತಾವೇ ಹಾರ ಹಾಕಿದ್ದವನ ಮೇಲೆ ಮೊದಲ ಸಹಿ ಹಾಕಲು ಪಾಪ, ಎಲ್ಲರಿಗೂ ನಾಚಿಕೆಯಾಗಿತ್ತು.

ಮೊದಲ ಸಾಲು ಖಾಲಿ ಇತ್ತು.

ಸವಿತಾ ಅಡಿಗೆಮನೆಯಿಂದ “ಏನ್ರಿ, ತಡೀರಿ!” ಎಂದು ಕೂಗುತ್ತ ಓಡಿ ಬಂದಳು. ಅಷ್ಟರಲ್ಲಿ ಸಹಿ, ಕೆಳಗೆ ತಾರೀಖು, ಪಕ್ಕದಲ್ಲಿ ಪಾಳಿ ಸಂಖ್ಯೆ, ಮೂರೂ ಮುಗಿದಿದ್ದವು. ಪಾಳಿ ಸಂಖ್ಯೆ ಮಾತ್ರ ಈ ಸಲ ಒಂದು.

ನಾಗಲಕ್ಷ್ಮಮ್ಮ ಕಾಗದವನ್ನೂ ಅವನನ್ನೂ ಎರಡೆರಡು ಸಲ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಕಾಗದ ಮಡಚಿದರು.

“ಹಾಗಾದ್ರೆ ಸಭೆಯಲ್ಲಿ ನಿಮ್ಮ ವಿರುದ್ಧ ನೀವೇ ಮಾತಾಡ್ಬೇಕು. ಭಾನುವಾರ ಇಟ್ಕೊಳ್ಳೋಣ, ನಿಮಗೆ ರಜ ಅಲ್ವಾ? ಮಧ್ಯಾಹ್ನ ಊಟ ಆದ್ಮೇಲೆ, ಎಲ್ಲರೂ ಮಲಗೋ ಹೊತ್ತಿಗೆ.”